ಕೊಡೆ ಬಿಚ್ಚಿದ ಡಬ್ಬಿಯೂ ಒಪ್ಪದ ರಾಜನೂ

ನೆಟ್ಟಗೆ ಕುಳಿತುಕೊಳ್ಳಿ. ಒಂದಾನೊಂದು ಊರಿನಲ್ಲಿ ಸಂದೇಹವರ್ಮನೆಂಬ ರಾಜನಿದ್ದನು. ಯಾವ ಊರು ಎಂದು ಕೇಳುವವರು ಈಗಲೇ ಎದ್ದು ಹೋಗಬಹುದು.

ರಾಜನಿಗೆ ಒಂದೇ ಚಿಂತೆ. ಮೇಲಿನಿಂದ ನೋಡಿದರೆ ತನ್ನ ಪೇಟ ನೆಟ್ಟಗಿದೆಯೋ, ಸೊಟ್ಟಗಿದೆಯೋ? ಕನ್ನಡಿ ಎದುರಿನಿಂದ ನೋಡುತ್ತದೆ. ರಾಣಿ ಪಕ್ಕದಿಂದ ನೋಡುತ್ತಾಳೆ. ಮೇಲಿನಿಂದ ನೋಡುವವರು ಯಾರು? ಕಾಗೆಯನ್ನು ಕೇಳಿದರು. ಅದು ಉತ್ತರ ಕೊಡುವ ಬದಲು ಪೇಟದ ಮೇಲೆಯೇ ಕುಳಿತಿತು. ಆದ್ದರಿಂದ ಒಂದು ಮಹಾ ಉಪಗ್ರಹವನ್ನು ಆಕಾಶಕ್ಕೆ ಕಳುಹಿಸಬೇಕೆಂದು ತೀರ್ಮಾನವಾಯಿತು.

ಮಹಾ ಉಪಗ್ರಹಕ್ಕೆ ಹೊಸ ಬಗೆಯ ಕೊಡೆ ಬೇಕಾಗಿತ್ತು. ಅದು ಮಡಚಿಕೊಂಡು ಮೇಲೇರಬೇಕು. ಆಕಾಶದಲ್ಲಿ ಬಿಚ್ಚಿಕೊಂಡು ಬಿಸಿಲು ಕುಡಿಯಬೇಕು. ಬಿಸಿಲು ಕುಡಿದರೆ ರೇಡಿಯೊಗೆ ಬಲ. ರೇಡಿಯೊಗೆ ಬಲವಿದ್ದರೆ ಮಾತು. ಇಲ್ಲವಾದರೆ ಮೌನ.

ಆ ಊರಿನಲ್ಲಿ ಎರಡು ಕಟ್ಟಳೆಗಳಿದ್ದವು. ಆಕಾಶದಲ್ಲಿ ಪರೀಕ್ಷೆಯಾಗದ ಯಾವುದನ್ನೂ ಬಳಸಕೂಡದು. ರಾಜನು 'ಒಪ್ಪಿತ' ಎನ್ನುವ ತನಕ ಯಾರೂ ಕೆಲಸದಿಂದ ಏಳಕೂಡದು.

ಆದುದರಿಂದ ಮೊದಲು ಒಂದು ಪುಟ್ಟ ಉಪಗ್ರಹ ಹೋಗಬೇಕಾಯಿತು. ಪಾತ್ರೆಗಳಿಗೆ ಕಲಾಯಿ ಹಾಕುವ ಖಾಜಾಬಿ ತನ್ನ ಊಟದ ಡಬ್ಬಿಯನ್ನೇ ತಿಕ್ಕಿ ಬೆಳಗಿ, ಒಳಗೆ ಕೊಡೆಯನ್ನೂ ರೇಡಿಯೊವನ್ನೂ ಇಟ್ಟಳು. ಡಬ್ಬಿಗೆ ಮಾತು ಬಂದಿತು.

"ಅಮ್ಮಾ, ನಾನು ಅಲ್ಲೇ ಇರಬೇಕಾ?"

"ಯಾಕಪ್ಪಾ ಅಲ್ಲೇ ಇರ್ತೀಯ? ಕೊಡೆ ಬಿಚ್ಚಿ ತೋರಿಸು. ರಾಜರು ಒಪ್ಪಿತ ಅಂದ್ರೆ ಅದೇ ಕೊಡೆ ಹಿಡ್ಕೊಂಡು ಇಳಿದು ಬಾ. ದಾರಿಯಲ್ಲಿ ಆ ಚಂದ್ರನ ಜೊತೆ ಹರಟೆ ಹೊಡೀಬೇಡ."

ರಾಕೆಟ್ಟು ಹಾರಿತು. ಡಬ್ಬಿ ಭೂಮಿಯನ್ನು ಸುತ್ತಿತು. ಕೊಡೆ ಬಿಚ್ಚಿತು. "ಬಿಚ್ಚಿದೆ, ಪ್ರಭು!" ಎಂದು ರೇಡಿಯೊದಲ್ಲಿ ಕೂಗಿತು.

ಈಗ ರಾಜನು ಏನೆನ್ನಬೇಕಾಗಿತ್ತು? ಒಪ್ಪಿತ ಎನ್ನಬೇಕಾಗಿತ್ತು. ಎಂದನೇ? ಇಲ್ಲ.

"ಬಿಚ್ಚಿದೆ ಎಂದವರು ಯಾರು?" ಎಂದು ಕೇಳಿದನು.

"ಡಬ್ಬಿ, ಪ್ರಭು," ಎಂದನು ಮಂತ್ರಿ ಚೌಕಣ್ಣ.

"ಡಬ್ಬಿಯ ಕಣ್ಣನ್ನು ಪರೀಕ್ಷಿಸಿದವರು ಯಾರು?"

"ಯಾರೂ ಇಲ್ಲ, ಪ್ರಭು."

"ಹಾಗಾದರೆ ಒಪ್ಪಿತವಿಲ್ಲ."

ಕೆಲಸ ಮಾಡಿದ್ದು ಡಬ್ಬಿ. ಅನುಮಾನಕ್ಕೆ ಗುರಿಯಾದದ್ದೂ ಡಬ್ಬಿ. ಇದು ಯಾವ ನ್ಯಾಯ?

ಡಬ್ಬಿಯನ್ನು ಪರೀಕ್ಷಿಸಲು ಒಂದು ತಂಬಿಗೆ ಹೋಯಿತು. ಬಿಚ್ಚಿದೆ ಎಂದಿತು. ತಂಬಿಗೆಯನ್ನು ಪರೀಕ್ಷಿಸಲು ಕೊಳಗ ಹೋಯಿತು. ಬಿಚ್ಚಿದೆ ಎಂದಿತು. ಕೊಳಗವನ್ನು ಪರೀಕ್ಷಿಸಲು ಕೊಪ್ಪರಿಗೆ ಹೋಯಿತು. ಉಪ್ಪಿನಕಾಯಿಯ ಜಾಡಿ ಹೋಯಿತು. ಸೌಟು, ಜರಡಿ, ಇಡ್ಲಿಪಾತ್ರೆ ಹೋದವು. ಎಲ್ಲವೂ ಬಿಚ್ಚಿದೆ ಎಂದವು. ರಾಜನು ಪ್ರತಿ ಸಲವೂ ಒಪ್ಪಿತವಿಲ್ಲ ಎಂದನು. ಊರಿನವರು ಸಾರನ್ನು ಅಂಗೈಯಲ್ಲಿ ಕುಡಿದರು.

ಅಷ್ಟೂ ಪಾತ್ರೆಗಳು ಡಬ್ಬಿಯನ್ನು ಸುತ್ತುವರಿದವು. ಕೊಪ್ಪರಿಗೆಯ ನೆರಳು ಕೊಡೆಯ ಮೇಲೆ ಬಿದ್ದಿತು. ಬಿಸಿಲು ನಿಂತಿತು. ಡಬ್ಬಿಯ ದನಿ ಸಣ್ಣದಾಯಿತು.

"ಅಮ್ಮಾ, ಮಾತು ಹೋಗುತ್ತಿದೆ. ಮಾತು ಹೋದರೆ ನಾನು ಇಲ್ಲಿರುವುದನ್ನೇ ಇವರು ಮರೆಯುತ್ತಾರೆ."

ಖಾಜಾಬಿ ಕಲಾಯಿಯ ಮಸಿ ಕೈಯಲ್ಲೇ ಆಸ್ಥಾನಕ್ಕೆ ನುಗ್ಗಿದಳು.

"ಹುಜೂರ್, ನಿಮಗೆ ಅನುಮಾನ ಇದ್ರೆ ನಿಮ್ಮ ಹತ್ರ ಇಟ್ಕೊಳ್ಳಿ. ನನ್ನ ಡಬ್ಬೀನ ಯಾಕೆ ಮೇಲೆ ಇಟ್ಕೊಂಡಿದ್ದೀರಿ? ಒಂದು ಮಾತು ಹೇಳೋಕೆ ನಿಮ್ಮ ಬಾಯೇನು ಸವೆದು ಹೋಗುತ್ತಾ?"

ಆಸ್ಥಾನ ನಡುಗಿತು. ಅಷ್ಟು ಜೋರಾಗಿ ಅಲ್ಲಿ ಯಾರೂ ಮಾತನಾಡಿದ್ದಿಲ್ಲ. ರಾಜನು ಹೆದರಿ, "ಆಯಿತು ತಾಯಿ, ಹೇಳುತ್ತೇನೆ. ಒಪ್ಪಿ..." ಎಂದನು.

ಚೌಕಣ್ಣ ಧಾವಿಸಿ ಬಂದು ರಾಜನ ಬಾಯಿ ಮುಚ್ಚಿದನು. "ಕಟ್ಟಳೆ, ಪ್ರಭು! 'ಒಪ್ಪಿತ' ಎಂಬ ಮಾತು ಆಕಾಶದಲ್ಲಿ ಪರೀಕ್ಷೆಯಾಗಿಲ್ಲ. ಅದನ್ನು ಬಳಸುವಂತಿಲ್ಲ."

"ಹಾಗಾದರೆ ಅದನ್ನು ಮೇಲೆ ಕಳುಹಿಸಿ."

"ಮಾತನ್ನು ತುಂಬಿಸಲು ಪಾತ್ರೆ ಉಳಿದಿಲ್ಲ, ಪ್ರಭು. ತಮ್ಮ ಬಾಯಲ್ಲಿಯೇ ಇಟ್ಟುಕೊಂಡು ತಾವೇ ಹೋಗಬೇಕು."

ರಾಜನನ್ನು ಮಹಾ ಉಪಗ್ರಹದಲ್ಲಿ ಕೂರಿಸಿದರು. ಕೊಡೆ ಇನ್ನೂ ಒಪ್ಪಿತವಾಗಿರಲಿಲ್ಲ. ಆದ್ದರಿಂದ ಕೊಡೆ ಇಡಲಿಲ್ಲ. ಕೊಡೆಯಿಲ್ಲದೆ ಬಿಸಿಲಿಲ್ಲ. ಬಿಸಿಲಿಲ್ಲದೆ ರೇಡಿಯೊಗೆ ಬಲವಿಲ್ಲ. ರಾಜನು ಮೇಲೇರಿ, ಡಬ್ಬಿಯ ಪಕ್ಕದಲ್ಲಿ ನಿಂತು, ಬಾಯಿ ಅಗಲಿಸಿ 'ಒಪ್ಪಿತ' ಎಂದನು. ಕೆಳಗೆ ಒಂದಕ್ಷರವೂ ಕೇಳಿಸಲಿಲ್ಲ.

ಡಬ್ಬಿ ಉಳಿದಿದ್ದ ದನಿಯಲ್ಲಿ ವರದಿ ಒಪ್ಪಿಸಿತು: "ಬಾಯಿ ಬಿಚ್ಚಿದೆ. ಮಾತು ಬಂದಿಲ್ಲ."

ಚೌಕಣ್ಣ ಕೂಡಲೇ ಸಾರಿದನು: "'ಒಪ್ಪಿತ' ಪರೀಕ್ಷೆಯಲ್ಲಿ ಸೋತಿದೆ. ಇನ್ನು ಮುಂದೆ ಅದನ್ನು ಯಾರೂ ಹೇಳಕೂಡದು, ಅದಕ್ಕಾಗಿ ಯಾರೂ ಕಾಯಕೂಡದು."

ಕಾಯಕೂಡದು ಎಂದ ಮೇಲೆ ಕಾಯುವುದೇಕೆ? ಕೊಪ್ಪರಿಗೆ ಇಳಿಯಿತು. ತಂಬಿಗೆ ಇಳಿಯಿತು. ಸೌಟು ಇಳಿಯಿತು. ಡಬ್ಬಿ ಹೊರಡುವ ಮುನ್ನ, "ಪ್ರಭು, ನೀವೂ ಬನ್ನಿ," ಎಂದು ಕರೆಯಿತು. ರಾಜನು ಬರುವುದಿಲ್ಲವೆಂದು ತಲೆಯಲ್ಲಾಡಿಸಿದನು. ಒಪ್ಪಿತ ಎನ್ನದೆ ಅವನು ಎಂದೂ ಯಾರನ್ನೂ ಇಳಿಸಿದವನಲ್ಲ. ಈಗ ಆ ಮಾತನ್ನೇ ಹೇಳುವಂತಿಲ್ಲ. ಆದ್ದರಿಂದ ತನ್ನನ್ನೂ ಇಳಿಸಿಕೊಳ್ಳಲಿಲ್ಲ.

ಡಬ್ಬಿ ಕೊಡೆ ಹಿಡಿದು ಖಾಜಾಬಿಯ ಅಂಗಳಕ್ಕೆ ಬಂದು ಕುಳಿತಿತು. ಅವಳು ಮೈ ತಡವಿ ನೋಡಿದಳು. ಒಂದು ಕಡೆ ಸುಟ್ಟು ಕಪ್ಪಾಗಿತ್ತು.

"ಯಾರಾದರೂ ಶಹಭಾಸ್ ಅಂದ್ರಾ?"

"ಇಲ್ಲಮ್ಮಾ."

"ಅನ್ನಲ್ಲ, ಬಿಡು," ಎಂದು ಅವಳು ಅದರೊಳಗೆ ಬಿಸಿ ಅನ್ನ ತುಂಬಿದಳು.

ಇದರ ನೀತಿ: ಚಿಕ್ಕವರನ್ನು ಮೇಲೆ ಕಳುಹಿಸುವವರು ಕತ್ತೆತ್ತಿ ನಿಂತಿರಬೇಕು. ಕತೆ ಮುಗಿಯಿತು. ನಿಜವಾಗಿ ಮುಗಿಯಿತೇ ಎಂದು ಅನುಮಾನವಿರುವವರು ರಾಜನ ಪಕ್ಕಕ್ಕೆ ಹೋಗಿ ನಿಲ್ಲಲಿ. ಉಳಿದವರು ಕೈಕಾಲು ತೊಳೆದುಕೊಂಡು ಊಟಕ್ಕೆ ಏಳಿ.