ಮಂಚಮ್ಮ ಕೇಳಲು ಬಂದದ್ದು

ಯಾರು ಮಾತಾಡಿದರೂ ಅಚ್ಯುತ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಉಚ್ಚಾರ ತಪ್ಪಿದರೆ ಮಾತ್ರ ಒಂದು ಕಣ್ಣು ತೆರೆಯುತ್ತಿತ್ತು.

ಹೊಳೆದಂಡೆಯ ಆಶ್ರಮದಲ್ಲಿ ಬಾಗಿಲು ನೋಡಿಕೊಳ್ಳುವ ಶಿಷ್ಯ ಅವನು. ಅಲ್ಲಿ ಒಂದು ಪದ್ಧತಿ ಇತ್ತು. ಬಂದವರ ಪ್ರಶ್ನೆಯನ್ನು ಬಾಗಿಲಲ್ಲಿದ್ದವನು ಅವರದೇ ಮಾತಿನಲ್ಲಿ ಗುರುಗಳಿಗೆ ಮುಟ್ಟಿಸಬೇಕು. ಆಮೇಲೆ ಗುರುಗಳು ಒಳಗೆ ಕರೆಯುತ್ತಿದ್ದರು.

ಒಂದು ಬೆಳಿಗ್ಗೆ ಮಂಚಮ್ಮ ಎಂಬ ಹೆಂಗಸು ಬಂದು ಅವನ ಮುಂದೆ ಬಹಳ ಹೊತ್ತು ಮಾತಾಡಿದಳು. ಅಚ್ಯುತ ನಡುನಡುವೆ ತಿದ್ದಿದ. ಕೊನೆಗೆ ಕೈ ಎತ್ತಿ ನಿಲ್ಲಿಸಿದ.

"ಮೊದಲು ನೆಟ್ಟಗೆ ಮಾತಾಡೋದು ಕಲಿತು ಬಾ."

ಅವಳು ಕೆಳಗಿಟ್ಟಿದ್ದ ಗಂಟನ್ನು ಎತ್ತಿಕೊಂಡು ಹೊರಟುಹೋದಳು.

ಊಟಕ್ಕೆ ಕೂತಾಗ ಗುರುಗಳು ಕೇಳಿದರು, "ಇವತ್ತು ಯಾರೂ ಬರಲಿಲ್ಲವೇನಪ್ಪ?"

"ಒಬ್ಬಳು ಬಂದಿದ್ದಳು ಗುರುಗಳೇ. ಆ ಮಾತು ನೀವು ಕೇಳಬೇಕಿತ್ತು! 'ಊರ್ ಬುಟ್ಟು ಮೂರ್ ದಿನ ಆಯ್ತು ಸಾಮಿ, ಒಳೆ ದಾಟ್ಕಂಡ್ ಬಂದೆ...'"

ಅವಳ ದನಿ, ಅವಳ ಎಳೆತ, ಎರಡೂ ಹಾಗೇ ಬಂದವು. ಪಂಕ್ತಿಯಲ್ಲಿದ್ದವರು ನಕ್ಕರು.

"ಹಕಾರವನ್ನೂ ಊರಲ್ಲೇ ಬಿಟ್ಟು ಬಂದಿದಾಳೆ!" ಅಂದ ಒಬ್ಬ.

ಗುರುಗಳು ನಗಲಿಲ್ಲ. "ಚೆನ್ನಾಗಿ ನೆನಪಿಟ್ಟಿದ್ದೀಯ. ಏನು ಕೇಳಿದಳು?"

ಅಚ್ಯುತ ನೆನಪಿಸಿಕೊಳ್ಳಲು ನೋಡಿದ.

"ಮಗನ ವಿಷಯ ಏನೋ... ತೀರಿಕೊಂಡ ಅಂದಳು. ಈಚೆಗೆ ಅಂತ ಕಾಣುತ್ತೆ."

"ಪ್ರಶ್ನೆ?"

"ಗೊತ್ತಿಲ್ಲ ಗುರುಗಳೇ."

ಗುರುಗಳು ಅರ್ಧ ಊಟಕ್ಕೇ ಎಲೆ ಬಿಟ್ಟು ಎದ್ದರು. ಕೈ ತೊಳೆದು ಹೊಳೆಯ ಕಡೆ ನಡೆದರು. ಅಚ್ಯುತ ಹಿಂದೆಯೇ ಓಡಿದ.

ಮಂಚಮ್ಮ ದೋಣಿಗೆ ಕಾಯುತ್ತ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ತುಟಿಗಳು ಅಲ್ಲಾಡುತ್ತಿದ್ದವು. ಅಚ್ಯುತ ತಿದ್ದಿದ್ದ ಮಾತುಗಳನ್ನು ಒಂದೊಂದಾಗಿ, ಮೆಲ್ಲಗೆ, ತನ್ನಷ್ಟಕ್ಕೆ ಹೇಳಿ ನೋಡುತ್ತಿದ್ದಳು.

ಇವರನ್ನು ಕಂಡು ತಟ್ಟನೆ ಸುಮ್ಮನಾದಳು.

"ತಪ್ಪಾಯ್ತಮ್ಮ," ಅಂದ ಅಚ್ಯುತ. "ಇನ್ನೊಂದು ಸಲ ಹೇಳಿ. ನಾನು ತಿದ್ದೋದಿಲ್ಲ."

ಅವಳು ನೀರನ್ನೇ ನೋಡುತ್ತಿದ್ದಳು.

ದೋಣಿ ದಡಕ್ಕೆ ತಾಗಿತು. ಅಂಬಿಗ ಕೂಗಿದ. ಮಂಚಮ್ಮ ಎದ್ದಳು.

ಗುರುಗಳು ಅವಳಿಗಿಂತ ಒಂದು ಮೆಟ್ಟಿಲು ಕೆಳಗಿಳಿದು ನಿಂತರು. ಕೈ ಮುಗಿದರು.

"ತಾಯಿ, ಮಗನ ಹತ್ತಿರ ಹ್ಯಾಗೆ ಮಾತಾಡ್ತಿದ್ರೋ, ನನ್ನ ಹತ್ತಿರಾನೂ ಹಾಗೇ ಮಾತಾಡಿ."