ಗವಿಯ ತೀರ್ಥ

ಸುಣ್ಣಕಲ್ಲಿನ ಗುಡ್ಡದ ಹೊಟ್ಟೆಯಲ್ಲೊಂದು ಗವಿ. ಗವಿಯ ಬಾಯಲ್ಲೊಂದು ಮಠ. ಮಠದಲ್ಲಿ ಮುಪ್ಪಿನ ಗುರು ನಿರ್ವಾಣಯ್ಯ, ಅವರ ಶಿಷ್ಯ ಪಂಚಾಕ್ಷರಿ.

ಗವಿಯ ಕೊನೆಯಲ್ಲಿ ಮೇಲಿನ ಬಂಡೆಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಹನಿ ಬಿದ್ದಲ್ಲಿ, ಅದರೊಳಗಿನ ಸುಣ್ಣವೇ ಹೆಪ್ಪುಗಟ್ಟಿ, ನೆಲದಿಂದ ಒಂದು ಕಲ್ಲು ಲಿಂಗದ ಹಾಗೆ ಎದ್ದಿತ್ತು. ಅದು ಇನ್ನೂ ಬೆಳೆಯುತ್ತಿತ್ತು, ಯಾರ ಕಣ್ಣಿಗೂ ಕಾಣದಷ್ಟು ನಿಧಾನವಾಗಿ.

"ಸುಗ್ಗಿ ಮುಗಿಯೂ ತನಕ ಗವಿ ನಿನ್ನ ಕೈಯಾಗಿರಲಿ," ಎಂದರು ಗುರುಗಳು. "ನೋಡಾಕ ಬಂದೋರನ್ನ ನೀನ ಕರಕೊಂಡು ಹೋಗು. ಕಾಯಂ ಕೊಡಬೇಕೋ ಬ್ಯಾಡೋ, ಆಮ್ಯಾಲ ನೋಡೂಣು."

ಪಂಚಾಕ್ಷರಿಗೆ ಬೇರೇನೂ ಬೇಕಿರಲಿಲ್ಲ. ಆ ಗವಿಯೆಂದರೆ ಅವನಿಗೆ ಜೀವ.

ದೀಪ ಹಿಡಿದು ಜನರನ್ನು ಒಳಗೆ ಕರೆದೊಯ್ದ. ಅಷ್ಟು ದೂರದಿಂದ ಬಂದವರನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗಲಿಲ್ಲ. ಲಿಂಗದ ನೆತ್ತಿಯ ಮೇಲೆ ಒಂದು ತಾಮ್ರದ ತಂಬಿಗೆ ಇಟ್ಟ. ಅದರಲ್ಲಿ ಕೂಡಿದ ನೀರನ್ನು ಎಲ್ಲರ ಅಂಗೈಗೂ ತೀರ್ಥವೆಂದು ಹಾಕಿದ.

ಸುದ್ದಿ ಊರೂರು ಸುತ್ತಿತು. ಜನ ಬಸ್ಸು ಮಾಡಿಕೊಂಡು ಬಂದರು. ಪಂಚಾಕ್ಷರಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಒಂದು ದಿನ ತೊಳೆಯಲೆಂದು ತಂಬಿಗೆ ಎತ್ತಿ ನೋಡಿದ. ಸದಾ ಒದ್ದೆಯಾಗಿ ಮಿನುಗುತ್ತಿದ್ದ ಕಲ್ಲು ಒಣಗಿ ಬಿಳಚಿಕೊಂಡಿತ್ತು.

ತಂಬಿಗೆ ಹಿಡಿದೇ ಓಡಿ ಬಂದ. "ಅಜ್ಜಾರ, ಲಿಂಗದ ಕಳೆ ಹೋಗೇತ್ರಿ! ದೇವರು ನನ್ನ ಮ್ಯಾಲ ಸಿಟ್ಟಾಗ್ಯಾನೇನ್ರಿ?"

"ಮೊದಲ ಊಟಕ್ಕ ಕೂಡು."

ಪಂಕ್ತಿಯಲ್ಲಿ ಎಲೆ ಹಾಕಿದ್ದರು. ಉಪ್ಪು ಬಂತು, ಅನ್ನ ಬಂತು. ಸಾರಿನವರು ಸೌಟು ಬಗ್ಗಿಸಿದ್ದೇ ತಡ, ಪಕ್ಕದಲ್ಲಿದ್ದ ಗುರುಗಳು ಪಂಚಾಕ್ಷರಿಯ ಅನ್ನದ ಮೇಲೆ ಬಟ್ಟಲು ಹಿಡಿದರು. ಬಿದ್ದ ಸಾರನ್ನು ಆಚೆ ಕುಳಿತವರ ಎಲೆಗೆ ಹಾಕಿದರು.

ಮತ್ತೆ ಸಾರು ಬಂತು. ಮತ್ತೆ ಬಟ್ಟಲು ಹಿಡಿದರು.

"ಅಜ್ಜಾರ, ನಾ ಒಣಾ ಅನ್ನ ಹ್ಯಾಂಗ ಉಣ್ಲಿ?"

"ಮಂದಿಗೆ ಎಷ್ಟು ಖುಷಿ ಆಗೇತಿ ನೋಡು."

ಪಂಚಾಕ್ಷರಿಯ ಕೈ ಎಲೆಯ ಮೇಲೇ ನಿಂತಿತು.

ಊಟವಾದ ಮೇಲೆ ಹೊರಗೆ ನೋಡಿದ. ಗವಿಯ ಬಾಗಿಲಲ್ಲಿ ಜನ ಸಾಲುಗಟ್ಟಿದ್ದರು. ತೀರ್ಥವಿಲ್ಲವೆಂದರೆ ಇವರು ಬರುವುದಿಲ್ಲ. ಇವರು ಬರದಿದ್ದರೆ ಗವಿ ತನ್ನ ಕೈಬಿಟ್ಟ ಹಾಗೆಯೇ.

ಆದರೂ ತಂಬಿಗೆಯನ್ನು ತಂದು ಗುರುಗಳ ಮುಂದೆ ಬೋರಲು ಹಾಕಿದ.

"ತೀರ್ಥ ಎಲ್ಲಿ ಅಂತ ಕೇಳಿದ್ರ ಏನು ಹೇಳ್ಲಿ, ಅಜ್ಜಾರ?"

"ದೇವರು ಊಟಕ್ಕ ಕುಂತಾನ ಅನ್ನು."

"ಯಾವಾಗ ಏಳ್ತಾನ ಅಂದ್ರ?"

ಗುರುಗಳು ಸೊಂಟದಿಂದ ಗವಿಯ ಕೀಲಿಕೈ ಬಿಚ್ಚಿ ಅವನ ಅಂಗೈಯಲ್ಲಿಟ್ಟರು.

"ಈಗಿನ್ನೂ ಉಪ್ಪು ಬಡಿಸ್ಯಾರ ಅನ್ನು."