ಜುಟ್ಟಕ್ಕ ಅಜ್ಜಿಯ ಕೂಗು ತಂದಿದ್ದು

ಕಾಲು ಮಡಚಿ ಕೂತ್ರಾ? ಮೂಗು ಒರೆಸ್ಕೊಂಡ್ರಾ? ಮಧ್ಯೆ ಬಾಯಿ ಹಾಕಿದ್ರೆ ಮೊದಲಿಂದ ಹೇಳ್ತೀನಿ, ನೋಡ್ಕೊಳ್ಳಿ!

ಒಬ್ಬಳು ಅಜ್ಜಿ. ದ್ಯಾವಮ್ಮಜ್ಜಿ. ಅಜ್ಜಿಗೊಂದು ಕೋಳಿ. ಕೋಳಿ ತಲೆ ಮೇಲೆ ಜುಟ್ಟು. ಅದಕ್ಕೇ ಅವಳು ಜುಟ್ಟಕ್ಕ.

ದಿನಾ ಸಂಜೆ ಅಜ್ಜಿ ಬಾಗಿಲಲ್ಲಿ ನಿಂತು ಕೂಗೋಳು. "ಬಾ ಬಾ ಬಾ! ಜುಟ್ಟಕ್ಕಾ, ಬಾ!" ಜುಟ್ಟಕ್ಕ ಬೀದಿ ತುದಿಯಿಂದ ಓಡಿ ಬರೋಳು. ದಬದಬ ದಬದಬ!

ಒಂದು ಸಂಜೆ ಅಜ್ಜಿ ಬಾಯಿ ತೆಗೆದಳು. "ಬಾ..." ಖೊಳ್ ಖೊಳ್! ಕೆಮ್ಮು ಬಂತು, ಕೂಗು ಹೋಯ್ತು. ಒಂದು ವಾರ ಆಯ್ತು. ಎರಡು ವಾರ ಆಯ್ತು. ಮೂರು ವಾರ ಆಯ್ತು. ಅಜ್ಜಿ ಸೊರಗಿ ಕಡ್ಡಿಯಾದಳು. ಕೂಗು ಮಾತ್ರ ಬರಲೇ ಇಲ್ಲ.

ಜುಟ್ಟಕ್ಕನಿಗೆ ಅಳು ಬಂತು. "ಅಜ್ಜಿ ಕೂಗದಿದ್ರೆ ನಾನು ಓಡಿ ಬರೋದು ಹೇಗೆ?"

"ಕೆಮ್ಮೇ ಕೆಮ್ಮೇ, ಅಜ್ಜಿ ಕೂಗು ಬಿಡು!"

"ಬಿಡಲ್ಲ!" ಅಂತು ಕೆಮ್ಮು. "ಅಜ್ಜಿ ಎದೆಯಲ್ಲಿ ಕಣ್ಣಿಗೆ ಕಾಣದ ಹುಳ ಕೂತಿದೆ. ಅದು ಇರೋ ತನಕ ನಾನೂ ಇರ್ತೀನಿ. ಖೊಳ್ ಖೊಳ್!"

ಜುಟ್ಟಕ್ಕ ಗುಳಿಗೆ ಹತ್ರ ಓಡಿದಳು. ದಬದಬ ದಬದಬ!

"ಗುಳಿಗೇ ಗುಳಿಗೇ, ಹುಳ ಓಡಿಸು! ಕೆಮ್ಮು ಕೂಗು ಬಿಡಲ್ಲ. ಅಜ್ಜಿಗೆ ಕೂಗೇ ಇಲ್ಲ!"

"ಓಡಿಸಲ್ಲ!" ಅಂತು ಗುಳಿಗೆ. "ಡಾಕ್ಟ್ರಮ್ಮ ಚೀಟಿ ಬರೀಲಿ. ಆಮೇಲೆ ಬರ್ತೀನಿ."

ಜುಟ್ಟಕ್ಕ ಡಾಕ್ಟ್ರಮ್ಮನ ಹತ್ರ ಓಡಿದಳು. ದಬದಬ ದಬದಬ!

"ಡಾಕ್ಟ್ರಮ್ಮಾ ಡಾಕ್ಟ್ರಮ್ಮಾ, ಚೀಟಿ ಬರೀರಿ! ಗುಳಿಗೆ ಹುಳ ಓಡಿಸಲ್ಲ. ಕೆಮ್ಮು ಕೂಗು ಬಿಡಲ್ಲ. ಅಜ್ಜಿಗೆ ಕೂಗೇ ಇಲ್ಲ!"

ಡಾಕ್ಟ್ರಮ್ಮ ಕನ್ನಡಕ ಏರಿಸಿದರು. "ಸುಮ್ಮನೆ ಹಾಗೆ ಬರೆಯಲ್ಲ ಕಣೇ. ಅದು ಟಿಬಿ ಹುಳವೋ, ಬೇರೆ ಹುಳವೋ? ಮೊದಲು ಮಿಶಿನ್ನು ಹೇಳಲಿ."

ಜುಟ್ಟಕ್ಕ ಮಿಶಿನ್ನಿನ ಹತ್ರ ಓಡಿದಳು. ದಬದಬ ದಬದಬ!

"ಮಿಶಿನ್ನೇ ಮಿಶಿನ್ನೇ, ಹುಳ ಯಾವುದು ಹೇಳು! ಡಾಕ್ಟ್ರಮ್ಮ ಚೀಟಿ ಬರೆಯಲ್ಲ. ಗುಳಿಗೆ ಹುಳ ಓಡಿಸಲ್ಲ. ಕೆಮ್ಮು ಕೂಗು ಬಿಡಲ್ಲ. ಅಜ್ಜಿಗೆ ಕೂಗೇ ಇಲ್ಲ!"

"ಹೇಳಲ್ಲ! ಕಿಂಯ್!" ಅಂತು ಮಿಶಿನ್ನು. "ಹುಳದ ಒಳಗೆ ಪುಟಾಣಿ ದಾರ ಇದೆ. ದಾರದಲ್ಲಿ ಹುಳದ ಗುರುತು ಇದೆ. ಅದನ್ನ ಎರಡೇ ಗಂಟೇಲಿ ಓದ್ತೀನಿ! ಯಾವ ಗುಳಿಗೆಗೆ ಹೆದರುತ್ತೆ ಅಂತಲೂ ಹೇಳ್ತೀನಿ! ಆದ್ರೆ ಖಾಲಿ ಹೊಟ್ಟೇಲಿ ಏನು ಓದ್ಲಿ? ಕಫದ ಡಬ್ಬಿ ತುಂಬಿ ಬರಲಿ."

ಪಕ್ಕದಲ್ಲೇ ಡಬ್ಬಿ ಕೂತಿತ್ತು.

"ಡಬ್ಬೀ ಡಬ್ಬೀ, ತುಂಬ್ಕೋ! ಮಿಶಿನ್ನು ಹುಳ ಯಾವುದು ಹೇಳಲ್ಲ. ಡಾಕ್ಟ್ರಮ್ಮ ಚೀಟಿ ಬರೆಯಲ್ಲ. ಗುಳಿಗೆ ಹುಳ ಓಡಿಸಲ್ಲ. ಕೆಮ್ಮು ಕೂಗು ಬಿಡಲ್ಲ. ಅಜ್ಜಿಗೆ ಕೂಗೇ ಇಲ್ಲ!"

"ನಾನೇ ತುಂಬ್ಕೋತೀನಾ, ಪೆದ್ದಿ? ಅಜ್ಜಿ ತುಂಬಬೇಕು. ನಡಿ!"

ಜುಟ್ಟಕ್ಕ ಡಬ್ಬಿ ಕಚ್ಕೊಂಡು ಓಡಿದಳು. ದಬದಬ ದಬದಬ!

"ಇಷ್ಟೇನಾ?" ಅಂದಳು ಅಜ್ಜಿ. ಬಾಯಲ್ಲಿ ಎಲೆಅಡಿಕೆ ಇತ್ತು. ಥೂ! ಡಬ್ಬಿ ತುಂಬ ಕೆಂಪೋ ಕೆಂಪು!

"ಅಯ್ಯಯ್ಯಪ್ಪಾ!" ಡಬ್ಬಿ ಕಿರುಚಿತು. "ಇದು ಬರೀ ಉಗುಳು! ಎದೆಯಾಳದ ಕಫ ಬೇಕು! ನಾನು ಕೆಟ್ಟೆ. ನನ್ನ ತಂಗೀನ ಕರ್ಕೊಂಡು ಬಾ!"

ಮತ್ತೆ ದಬದಬ. ತಂಗಿ ಡಬ್ಬಿ ಬಂತು. ಅಜ್ಜಿ ಬಾಯಿ ಮುಕ್ಕಳಿಸಿದಳು. ಅಂಗಳದ ಮೂಲೆಗೆ ಹೋದಳು. ಸೆರಗಿನೊಳಗೆ ಕೆಮ್ಮಿದಳು. "ಕುಹ್." ಇಷ್ಟೇ ಇಷ್ಟು.

"ಜೋರಾಗಿ ಕೆಮ್ಮಜ್ಜಿ!"

"ಬೀದಿಯೋರು ಕೇಳಿಸ್ಕೊಂಡ್ರೆ? ದ್ಯಾವಮ್ಮಂಗೆ ಟಿಬಿ ಅಂತಾರೆ. ನಂಗೆ ನಾಚಿಕೆ ಕಣೇ."

ಜುಟ್ಟಕ್ಕನಿಗೆ ಸಿಟ್ಟು ನೆತ್ತಿಗೇರಿತು. ಹಿಂದೆ ಹಿಂದೆ ಹಾರುತ್ತಾ ಒದರಿದಳು. "ಅಜ್ಜಿ ಕೆಮ್ಮಲ್ಲ! ಡಬ್ಬಿ ತುಂಬಲ್ಲ! ಮಿಶಿನ್ನು ಹುಳ ಯಾವುದು ಹೇಳಲ್ಲ! ಡಾಕ್ಟ್ರಮ್ಮ ಚೀಟಿ ಬರೆಯಲ್ಲ! ಗುಳಿಗೆ ಹುಳ ಓಡಿಸಲ್ಲ! ಕೆಮ್ಮು ಕೂಗು ಬಿಡಲ್ಲ! ಅಜ್ಜಿಗೆ..."

ಕಾಲು ಜಾರಿತು. ಜುಟ್ಟಕ್ಕ ಪಲ್ಟಿ! ಕೆಂಪು ಡಬ್ಬಿಯೊಳಗೆ ತಲೆ! ಸಿಕ್ಕಾಕ್ಕೊಂಡ್ತು!

"ಕೊಂಯ್ ಕೊಂಯ್ ಕೂಗೇ ಇಲ್ಲ!" ಅಂತ ಡಬ್ಬಿಯೊಳಗಿಂದಲೇ ಒದರಿದಳು. ಡಬ್ಬಿ ಹಾಕ್ಕೊಂಡು ಗೋಡೆಗೆ ಡಿಕ್ಕಿ. ಬಕೀಟಿಗೆ ಡಿಕ್ಕಿ. ಡಬ್ಬಿ ಟಪ್ ಅಂತ ಬಿತ್ತು. ಮುಖ ಕೆಂಪು, ಜುಟ್ಟು ಕೆಂಪು!

ಅಜ್ಜಿ ನಕ್ಕಳು. ಹಿ ಹಿ. ಹ ಹ ಹ. ಹೊಟ್ಟೆ ಹಿಡ್ಕೊಂಡು ನಕ್ಕಳು. ನಾಚಿಕೆ ಮರೆತೇ ಹೋಯ್ತು. ಎದೆಯಾಳದಿಂದ ಬಂತು ನೋಡಿ ಕೆಮ್ಮು! ಖೊಳ್ಳ್ಳ್! ಕಫ ಪಚಕ್ ಅಂತ ತಂಗಿ ಡಬ್ಬಿಗೆ ಬಿತ್ತು!

ಅಜ್ಜಿ ಕೆಮ್ಮಿದಳು. ಡಬ್ಬಿ ತುಂಬಿತು. ಮಿಶಿನ್ನು ನುಂಗಿತು. ಒಂದು ಗಂಟೆ, ಎರಡು ಗಂಟೆ, ಕಿಂಯ್! "ಟಿಬಿ ಹುಳವೇ! ಈ ಗುಳಿಗೆಗೆ ಹೆದರುತ್ತೆ!" ಡಾಕ್ಟ್ರಮ್ಮ ಚೀಟಿ ಬರೆದರು. ಗುಳಿಗೆ ಬಂತು. ಒಂದು ದಿನ ಅಲ್ಲ, ಎರಡು ದಿನ ಅಲ್ಲ, ಆರು ತಿಂಗಳು ದಿನಾ ಬಂತು. ಅಜ್ಜಿ ಮರೆತ್ರೆ ಜುಟ್ಟಕ್ಕ ಕಾಲು ಕುಕ್ಕೋಳು. ಹುಳ ಸತ್ತೆನೋ ಕೆಟ್ಟೆನೋ ಅಂತ ಓಡಿತು. ಕೆಮ್ಮು ಗಂಟುಮೂಟೆ ಕಟ್ಟಿತು. ಅಜ್ಜಿ ಕೂಗನ್ನ ಬಿಟ್ಟುಕೊಟ್ಟು ಹೋಯ್ತು.

ಅವತ್ತು ಸಂಜೆ ಅಜ್ಜಿ ಬಾಗಿಲಿಗೆ ಬಂದಳು. ಬಾಯಿ ತೆಗೆದಳು.

"ತಡಿ ತಡಿ ತಡಿ!" ಜುಟ್ಟಕ್ಕ ಅಜ್ಜಿ ಕಾಲ ಬುಡದಲ್ಲೇ ಇದ್ದಳು. ಎದ್ದಳು, ಬಿದ್ದಳು, ಬೀದಿ ತುದಿಗೆ ಓಡಿದಳು. ತಿರುಗಿ ನಿಂತಳು. "ಹೂಂ, ಈಗ!"

"ಬಾ ಬಾ ಬಾ! ಜುಟ್ಟಕ್ಕಾ, ಬಾ!"

ದಬದಬ ದಬದಬ ದಬದಬ ದಬದಬ! ಓಡಿ ಬಂದು ಅಜ್ಜಿ ಮಡಿಲಿಗೆ ಬಿದ್ದಳು.

"ಅಜ್ಜೀ, ಇನ್ನೊಂದು ಸಲ!" ಅಂತ ಮತ್ತೆ ಬೀದಿ ತುದಿಗೆ ಓಡಿದಳು.